ಮಕ, ಕಾಲು, ಗಾಜು

ರವೀಶನ ಗ್ಯಾರೇಜಿನ ಮುಂದೆ ತಿಮ್ಮಪ್ಪನವರು ಕೀ ಕಿತ್ತು ಜೇಬಿಗೆ ಹಾಕಿಕೊಂಡು ಕಾರಿನಿಂದ ಇಳಿದರು. ಆದರೂ ಇಂಜಿನ್ ನಿಲ್ಲಲಿಲ್ಲ. ಗಡಗಡ ಎನ್ನುತ್ತ ಓಡುತ್ತಲೇ ಇತ್ತು.

"ನೋಡಪ್ಪ ರವೀಶ, ಕೀ ನನ್ ಜೇಬಲ್ಲದೆ, ಇದು ಇನ್ನೂ ಓಡ್ತಾ ಅದೆ," ಎಂದು ಅವರು ಟವೆಲ್ಲಿನಿಂದ ಕತ್ತು ಒರೆಸಿಕೊಂಡರು. "ಒಳೆನರ್ಸೀಪುರದಿಂದ ಇಲ್ಲೀಗಂಟ ಎ.ಸಿ. ಗಾಳಿಯೆಲ್ಲ ಮುಂದ್ಲ ಗಾಜಿಗೇ ಹೊಡೀತು. ಗಾಜು ತಣ್ಣಗೆ ಕೂತದೆ, ನಾನು ಬೆವತು ತೊಪ್ಪೆಯಾಗಿದೀನಿ."

ರವೀಶ ಬಾನೆಟ್ ಎತ್ತಿ ಇಂಜಿನ್ ಮಗ್ಗುಲಿನ ಪುಟ್ಟ ಲಿವರನ್ನು ಒತ್ತಿ ಹಿಡಿದ. ಕಾರು ಒಮ್ಮೆ ಮೈ ಕೊಡವಿ ನಿಂತಿತು. ಹಳೆಯ ಜರ್ಮನ್ ಡೀಸೆಲ್ ಕಾರು ಅದು. ನಲವತ್ತು ವರ್ಷ ಆಗಿದ್ದರೂ ತಿಮ್ಮಪ್ಪನವರು ಅದನ್ನು ಮನೆಯ ಹಸುವಿನಂತೆ ನೋಡಿಕೊಂಡಿದ್ದರು. ತೆಂಗಿನಕಾಯಿ ಮಂಡಿಗೆ ಹೋಗಲು ಅವರಿಗೆ ಬೇರೆ ಕಾರಿತ್ತು. ಮದುವೆ ಮುಂಜಿಗೆ ಮಾತ್ರ ಇದನ್ನು ತೆಗೆಯುತ್ತಿದ್ದರು.

"ಇದು ವ್ಯಾಕ್ಯೂಮ್ ಕೆಲ್ಸ ಯಜಮಾನ್ರೇ," ಎಂದ ರವೀಶ. ಅವನ ದನಿ ಸಣ್ಣದಾಯಿತು.

"ಹಾಗಂದ್ರೆ?"

"ಇಂಜಿನ್ನು ಒಂದು ಪಂಪ್ ಓಡಿಸ್ತದೆ, ಅದು ಗಾಳಿ ಹೀರ್ತದೆ. ಆ ಹೀರೋ ಬಲ ಸಣ್ಣ ಪೈಪಲ್ಲಿ ಡ್ಯಾಶ್‌ಬೋರ್ಡ್ ಹಿಂದಕ್ಕೆ ಬತ್ತದೆ. ಅಲ್ಲಿ ರಬ್ಬರ್ ಪೊರೆ ಇರೋ ಡಬ್ಬಿಗಳವೆ. ಪೊರೆ ಎಳೀತು ಅಂದ್ರೆ ಒಳಗಿನ ಬಾಗ್ಲು ತಿರುಗಿ, ಗಾಳಿ ನಿಮ್ ಮುಖಕ್ಕೋ ಕಾಲಿಗೋ ಬತ್ತದೆ. ಎಲ್ಲಾದ್ರೂ ಸೋರುದ್ರೆ ಎಳೆಯಕ್ಕೆ ಬಲ ಇರಲ್ಲ, ಗಾಳಿಯೆಲ್ಲ ಗಾಜಿಗೇ ಹೋಯ್ತದೆ. ಇಂಜಿನ್ ನಿಲ್ಸೋದೂ ಅದೇ ಬಲಾನೇ."

"ಇಷ್ಟು ಗೊತ್ತಲ್ಲ, ಮಾಡು ಮತ್ತೆ," ಎಂದು ತಿಮ್ಮಪ್ಪನವರು ಕೀ ಅವನ ಕೈಗಿಟ್ಟು, ಕಾಯುತ್ತಿದ್ದ ಆಟೋ ಹತ್ತಿದರು.

ರವೀಶನಿಗೆ ಗೊತ್ತಿದ್ದದ್ದು ಅಷ್ಟೇ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಗ್ಯಾರೇಜು ಹಾಕಿ ಎಂಟು ವರ್ಷವಾಗಿತ್ತು. ಕಾರಿನ ಎ.ಸಿ. ಕೆಟ್ಟರೆ ಅರಕಲಗೂಡಿನವರೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಆದರೆ ಇಂಥ ಹಳೆಯ ಕಾರು ಬಂದರೆ ಮಾತ್ರ ಏನಾದರೂ ನೆಪ ಹೇಳಿ ಸಾಗಹಾಕುತ್ತಿದ್ದ. ಅವನ ಗುರು ದೇವಯ್ಯ ಮೇಸ್ತ್ರಿ ಎಲ್ಲವನ್ನೂ ಕಲಿಸಿ ಅದೊಂದನ್ನು ಕಲಿಸಿರಲಿಲ್ಲ.

ಹದಿನಾರನೆಯ ವಯಸ್ಸಿಗೆ ಅವನು ಹಾಸನದಲ್ಲಿದ್ದ ದೇವಯ್ಯನ ಗ್ಯಾರೇಜು ಸೇರಿದ್ದ. ಹದಿನೇಳು ವರ್ಷ ಅಲ್ಲೇ ದುಡಿದ. ವ್ಯಾಕ್ಯೂಮ್ ಕಾರು ಬಂದ ದಿನ ದೇವಯ್ಯ ಫ್ಲಾಸ್ಕ್ ಕೊಟ್ಟು ಟೀಗೆ ಕಳಿಸುತ್ತಿದ್ದ, ಟೀ ತಂದರೆ ಚನ್ನರಾಯಪಟ್ಟಣಕ್ಕೆ ಯಾವುದೋ ಬೆಲ್ಟು ತರಲು ಅಟ್ಟುತ್ತಿದ್ದ. ಹಿಂತಿರುಗುವ ಹೊತ್ತಿಗೆ ಹಿಂದಿನ ಶೆಡ್ಡಿನ ಬಾಗಿಲು ಮುಚ್ಚಿರುತ್ತಿತ್ತು. ಸಂಜೆ ಕಾರು ಈಚೆ ಬಂದಾಗ ಗಾಳಿ ಎಲ್ಲಿಗೆ ಬೇಕೋ ಅಲ್ಲಿಗೆ ಬರುತ್ತಿತ್ತು, ದೇವಯ್ಯ ಬಟ್ಟೆಚೂರಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿರುತ್ತಿದ್ದ. ಶಿಷ್ಯ ಪಕ್ವವಾದ ಮೇಲೆ ಕೊಡುವ ವಿದ್ಯೆ ಇರಬೇಕು ಎಂದುಕೊಂಡು ರವೀಶ ಕಾದ. ಅಪ್ಪನಿಂದ ಏನೂ ಕಲಿಯಲಾಗದ ಅವನಿಗೆ ದೇವಯ್ಯನೇ ತಂದೆಯ ಸ್ಥಾನದಲ್ಲಿದ್ದ.

ಅಪ್ಪ ಲಕ್ಕಣ್ಣ ಕುಡುಕ. ಕೊರವಂಗಲದ ಎರಡು ಎಕರೆಯನ್ನು ಹೆಂಡತಿ ಬೆಳ್ಳಮ್ಮನ ಮೇಲೆ ಬಿಟ್ಟು ತಿಂಗಳಿಗೆರಡು ಸಲ "ಆಸ್ನುಕ್ಕೋಗ್ ಬತ್ತೀನಿ" ಎಂದು ಹೊರಡುತ್ತಿದ್ದ. ಸಂಜೆ ತೂರಾಡುತ್ತ ಬರುತ್ತಿದ್ದ. "ಬೊಂಬಾಯಲ್ಲಿ ಫಾರಿನ್‌ನೋರ್ ಕಾರ್ ರಿಪೇರಿ ಮಾಡ್ದೋನು ಕಣ್ಲಾ ನಾನು" ಎಂದು ಜಂಬ ಕೊಚ್ಚುತ್ತಿದ್ದ. ರವೀಶ ಅದನ್ನು ಎಂದೂ ನಂಬಿರಲಿಲ್ಲ. ಈಗ ಅಪ್ಪ ಅಮ್ಮ ಇಬ್ಬರೂ ಹಾಸನದಲ್ಲಿ ಅವನ ಜೊತೆಗೇ ಇದ್ದರು. ಲಕ್ಕಣ್ಣ ಕುಡಿತ ಬಿಟ್ಟು ಆರು ವರ್ಷವಾಗಿತ್ತು. ಅಪ್ಪ ಮಗನ ನಡುವೆ ಮಾತು ಅಷ್ಟಕ್ಕಷ್ಟೇ.

ಅಂದು ಮಧ್ಯಾಹ್ನ ರವೀಶ ಒಂದು ಡಜನ್ ಮೂಸಂಬಿ ಕಟ್ಟಿಸಿಕೊಂಡು ಬೈಕಿನಲ್ಲಿ ಚನ್ನರಾಯಪಟ್ಟಣಕ್ಕೆ ಹೋದ. ದೇವಯ್ಯ ಕೆಲಸ ಬಿಟ್ಟ ಮೇಲೆ ಅಲ್ಲಿ ಮಗಳ ಮನೆಯಲ್ಲಿದ್ದ. ಮಂಡಿನೋವಿನಿಂದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ರವೀಶ ಕಾಲು ಮುಟ್ಟಿ ನಮಸ್ಕರಿಸಿ ವಿಷಯ ಹೇಳಿದ.

"ತಿಮ್ಮಪ್ಪನ ಕಾರಾ? ಅದಿನ್ನೂ ಅದಾ?" ದೇವಯ್ಯ ಬೆಚ್ಚಿದಂತೆ ಕಂಡ. "ವಾಪಸ್ ಕಳುಸ್ಬುಡು."

"ನೀವು ಬಾಯಲ್ ಯೋಳುದ್ರೆ ಸಾಕು ಮೇಸ್ತ್ರಿ. ಕೈ ನಾನಾಡಿಸ್ತೀನಿ. ಫೋನಲ್ಲಿ ಫೋಟೋ ತೆಗ್ದು ಕಳುಸ್ತೀನಿ, ನೀವು ಇಂಗ್ ಮಾಡು ಅಂಗ್ ಮಾಡು ಅನ್ನಿ."

"ಬ್ಯಾಡ ಅಂದ್ನಲ್ಲ. ಡ್ಯಾಶ್‌ಬೋರ್ಡ್ ಬಿಚ್ಬ್ಯಾಡ ಕಣ. ಬಿಚ್ಚುದ್ರೆ ನನ್ನಾಣೆ." ದೇವಯ್ಯ ಮುಖ ತಿರುಗಿಸಿ ಟಿ.ವಿ.ಯ ದನಿ ಜೋರು ಮಾಡಿದ.

ಬಾಗೂರು ರಸ್ತೆಯ ತಿರುವಿನವರೆಗೂ ರವೀಶನಿಗೆ ಕಣ್ಣು ಮಂಜಾಗಿಯೇ ಇತ್ತು. ಇಷ್ಟು ವರ್ಷ ಆದ ಮೇಲೂ ತನ್ನ ಮೇಲೆ ನಂಬಿಕೆ ಇಲ್ಲವಲ್ಲ, ಸತ್ತರೂ ಜೊತೆಗೇ ಹೊತ್ತುಕೊಂಡು ಹೋಗುತ್ತಾನೇನೋ ಈ ವಿದ್ಯೆಯನ್ನು ಎಂದು ಹೊಟ್ಟೆ ಉರಿಯಿತು. ಆ ಉರಿಯಲ್ಲೇ ಮಾರನೆಯ ಬೆಳಗ್ಗೆ ಸ್ಕ್ರೂ ಡ್ರೈವರ್ ಹಿಡಿದು ಕೂತ. ಆಣೆಯನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಮೂರು ಗಂಟೆ ಹಿಡಿಯಿತು. ಗ್ಲೋವ್ ಬಾಕ್ಸ್ ಬಂತು, ಸ್ಪೀಕರಿನ ಜಾಲರಿ ಬಂತು, ಕೊನೆಗೆ ಇಡೀ ಡ್ಯಾಶ್‌ಬೋರ್ಡನ್ನು ಎದೆಗವಚಿಕೊಂಡು ಈಚೆಗೆಳೆದ. ಹಿಂದೆ ಶ್ಯಾವಿಗೆಯಂತೆ ಬಣ್ಣಬಣ್ಣದ ಸಣ್ಣ ಪೈಪುಗಳು. ಒಡೆದ ಕಡೆಯಲ್ಲೆಲ್ಲ ಸೈಕಲ್ಲಿನ ವಾಲ್ ಟ್ಯೂಬ್ ಏರಿಸಿ ಅಚ್ಚುಕಟ್ಟಾಗಿ ಸೇರಿಸಿದ್ದರು. ಒಂದೊಂದು ಪೈಪಿನ ಕುತ್ತಿಗೆಗೂ ಆಸ್ಪತ್ರೆಯ ಬಿಳಿ ಪ್ಲಾಸ್ಟರ್ ಸುತ್ತಿ ಬಾಲ್‌ಪೆನ್ನಿನಲ್ಲಿ ಬರೆದಿತ್ತು. ಪ್ಲಾಸ್ಟರ್ ಹಳದಿಗಟ್ಟಿದ್ದರೂ ಅಕ್ಷರ ಅಳಿಸಿರಲಿಲ್ಲ.

ಮಕ. ಕಾಲು. ಗಾಜು. ಇಂಜಿನ್ ನಿಲ್ಲಾದು.

ಮೇಸ್ತ್ರಿ ಎಷ್ಟು ಒಪ್ಪವಾಗಿ ಮಾಡಿದ್ದಾರೆ ಎಂದು ಮೊದಲು ಅನಿಸಿತು. ಆಮೇಲೆ, ಮೇಸ್ತ್ರಿಗೆ ಕನ್ನಡ ಬರೆಯಲು ಬರುವುದಿಲ್ಲವಲ್ಲ ಎಂಬುದು ನೆನಪಾಯಿತು. ದೇವಯ್ಯ ಬಿಲ್ಲಿನ ಮೇಲೆ ಇಂಗ್ಲಿಷ್ ಅಂಕಿ ಗೀಚಿ ಹೆಬ್ಬೆಟ್ಟಿನಷ್ಟು ದೊಡ್ಡ ರುಜು ಹಾಕುತ್ತಿದ್ದ, ಅಷ್ಟೇ. ರವೀಶ ಟಾರ್ಚ್ ಹತ್ತಿರ ಹಿಡಿದ. 'ಮಕ', 'ಕಾಲು' ಎರಡರಲ್ಲೂ ಕ ಅಕ್ಷರದ ಅಡ್ಡಗೆರೆ ಎರಡೂ ಕಡೆ ನೊಗದ ಹಾಗೆ ಚಾಚಿಕೊಂಡಿತ್ತು. ಆ ಕ ಅವನಿಗೆ ಗೊತ್ತಿತ್ತು. ಶಾಲೆಯ ಮಾರ್ಕ್ಸ್ ಕಾರ್ಡಿನಲ್ಲಿ, ಸೊಸೈಟಿಯ ಅರ್ಜಿಯಲ್ಲಿ, ಕಳೆದ ತಿಂಗಳು ತಾನೇ ಪಕ್ಕದಲ್ಲಿ ನಿಂತು ಹಾಕಿಸಿದ ಬ್ಯಾಂಕಿನ ಫಾರಮ್ಮಿನಲ್ಲಿ ಅದನ್ನು ನೋಡಿದ್ದ. ಲಕ್ಕಣ್ಣ ಎಂಬ ರುಜುವಿನಲ್ಲಿ.

ನಾಲ್ಕೂ ಪ್ಲಾಸ್ಟರನ್ನು ಸರಸರನೆ ಕಿತ್ತು ಒಂದು ರಟ್ಟಿನ ಚೂರಿಗೆ ಅಂಟಿಸಿಕೊಂಡು ಮನೆಗೆ ನಡೆದ.

ಬೆಳ್ಳಮ್ಮ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣು ಜಜ್ಜುತ್ತಿದ್ದಳು. ಲಕ್ಕಣ್ಣ ಬೀಜ ತೆಗೆದು ಮೊರಕ್ಕೆ ಹಾಕುತ್ತಿದ್ದ. ರವೀಶ ರಟ್ಟನ್ನು ಮೊರದ ಮೇಲಿಟ್ಟ.

ಲಕ್ಕಣ್ಣ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. ಗಾಬರಿಗೊಂಡ.

"ಎಲ್ಲಾನೂ ಕಿತ್ತಾಕ್ಬುಟ್ಟಾ? ಯಾವ್ದು ಎಲ್ಲಿಗೋಯ್ತದೆ ಅಂತ ಇನ್ನೆಂಗ್ಲಾ ಗೊತ್ತಾದದು!"

ಹಾಗೆ ಅಂದುಬಿಟ್ಟ ಮೇಲೆ ತಾನು ಏನು ಒಪ್ಪಿಕೊಂಡೆ ಎಂಬುದು ಅವನಿಗೆ ಹೊಳೆಯಿತು. ಹುಣಸೆ ಮೆತ್ತಿದ ಬೆರಳುಗಳನ್ನು ಮಡಿಚಿಕೊಂಡ. ಬೆಳ್ಳಮ್ಮನ ಕೈ ನಿಂತಿತು.

"ಅಂಗಾರೆ ನೀನೇ," ಎಂದ ರವೀಶ.

"ಊಂ."

"ಮೇಸ್ತ್ರಿ ಮಾಡ್ತಿದ್ದ ವ್ಯಾಕ್ಯೂಮ್ ಕೆಲ್ಸ ಎಲ್ಲಾನೂ?"

"ಅವ್ನಿಗೆ ಅದು ಬತ್ತಿರ್ಲಿಲ್ಲ ಕಣ್ಲಾ. ನಾನು ಬೊಂಬಾಯಲ್ಲಿ ಒಂಬತ್ ವರ್ಸ ಅದೇ ಮಾಡಿದ್ದು. ಬಾಯಲ್ಲಿ ಎಳ್ದು ನಾಲ್ಗೆ ಇಟ್ರೆ, ಪೈಪು ಸರ್ಯಾಗಿದ್ರೆ ನಾಲ್ಗೆ ಅಂಟ್ಕತ್ತದೆ. ಸೋರ್ತಿದ್ರೆ ಬಿಟ್ಕತ್ತದೆ. ಅಷ್ಟೇಯ."

ಸಂಜೆ ಮನೆಗೆ ಬಂದ ಅಪ್ಪನ ತುಟಿಯ ಮೇಲೆ ಇರುತ್ತಿದ್ದ ಕಪ್ಪು ರವೀಶನಿಗೆ ನೆನಪಾಯಿತು. ಅದು ಬೀಡಿಯ ಮಸಿ ಎಂದುಕೊಂಡಿದ್ದ.

"ನನ್ನ ಟೀಗೆ ಕಳುಸ್ಬುಟ್ಟು ನಿನ್ನ ಹಿಂದ್ಲು ಬಾಗ್ಲಿಂದ ಕರಸ್ಕತ್ತಿದ್ರಾ?"

"ಕುಡುಕನ್ ಕೈಗೆ ಯಾರ್ಲಾ ಕಾರ್ ಕೊಟ್ಟಾರು? ಅವ್ನಿಗೆ ಊರಲ್ಲಿ ಒಳ್ಳೆ ಎಸ್ರಿತ್ತು. ನಿನ್ನ ಕೆಲ್ಸುಕ್ಕೆ ಸೇರಿಸ್ಕೋ ಅಂತ ನಾನೇ ಕೈಮುಗುದ್ದೆ. ಸೇರಿಸ್ಕತ್ತೀನಿ, ಆದ್ರೆ ನೀನು ಬರಾದು ನಿನ್ ಮಗುಂಗೂ ಗೊತ್ತಾಗ್ಬಾರ್ದು, ಗೊತ್ತಾದ್ರೆ ಅವ್ನು ನನ್ ಮಾತು ಕೇಳಲ್ಲ ಅಂದ. ಮಾತು ಕೊಟ್ಟೆ."

"ನಾನು ಗ್ಯಾರೇಜ್ ಹಾಕಿ ಎಂಟು ವರ್ಸ ಆಯ್ತು. ಎಷ್ಟು ಕಾರ್ ವಾಪಸ್ ಕಳ್ಸಿದೀನಿ, ನಿಂಗ್ ಗೊತ್ತಿಲ್ವಾ? ನನ್ ಕೈಲಾಗಲ್ಲ ಅಂತ ಇದೇ ಪಡಸಾಲೇಲಿ ಕೂತು ಯೋಳಿಲ್ವಾ? ಆಗ್ಲೂ ಬಾಯ್ಬುಡ್ಲಿಲ್ವಲ್ಲಪ್ಪ."

"ಮಾತು ಕೊಟ್ಟಿದ್ನಲ್ಲ."

"ಅವ್ನಿಗೆ ಕೊಟ್ಟ ಮಾತು ನೆಪ್ಪಿತ್ತು. ನಾನು ನೆಪ್ಪಿರ್ಲಿಲ್ವಾ?"

ರವೀಶ ತಾಯಿಯ ಕಡೆ ತಿರುಗಿದ. "ಅವ್ವ, ನಿಂಗೆ?"

"ಗೊತ್ತಿತ್ತು ಕಣಪ್ಪ," ಎಂದಳು ಬೆಳ್ಳಮ್ಮ. ಅವಳು ಮಗನ ಮುಖ ನೋಡಲಿಲ್ಲ.

ಅಷ್ಟಾದರೂ ಅವನು ಸಹಿಸಿಕೊಳ್ಳುತ್ತಿದ್ದನೇನೋ. ಆದರೆ 'ಇಂಜಿನ್ ನಿಲ್ಲಾದು' ಎಂಬ ಪ್ಲಾಸ್ಟರಿನ ಮೇಲೆ ಕಣ್ಣು ಬಿದ್ದಾಗ ಹದಿಮೂರು ವರ್ಷದ ಹಿಂದಿನ ಒಂದು ದಿನ ಎದ್ದು ಬಂತು. ಇದೇ ತಿಮ್ಮಪ್ಪನವರ ಕಾರು ರಿಪೇರಿಯಾಗಿ ಹೋದ ಮಾರನೆಯ ವಾರ ಅರಕಲಗೂಡಿನ ಕಲ್ಯಾಣಮಂಟಪದ ಮುಂದೆ ನಿಲ್ಲದೆ ಹಟ ಮಾಡಿತ್ತು. ಬೀಗರ ಎದುರಿಗೆ ಇಪ್ಪತ್ತು ನಿಮಿಷ ಗಡಗಡಿಸಿ ಮಾನ ಕಳೆಯಿತೆಂದು ತಿಮ್ಮಪ್ಪನವರು ಗ್ಯಾರೇಜಿಗೆ ಬಂದು ಕೂಗಾಡಿದ್ದರು. ದೇವಯ್ಯ "ಕೊನೇಲಿ ಪೈಪು ಸಿಕ್ಸಿದ್ದು ಇವ್ನೇ" ಎಂದು ಎಲ್ಲರ ಮುಂದೆ ರವೀಶನ ಕೆನ್ನೆಗೆ ಬಾರಿಸಿದ್ದ. ರವೀಶನಿಗೆ ಆಗ ಇಪ್ಪತ್ತೆಂಟು, ಮದುವೆಯಾಗಿ ತಿಂಗಳಾಗಿತ್ತು. ತಾನು ಬರೀ ಮೇಲಿನ ಸ್ಕ್ರೂ ಬಿಗಿದಿದ್ದು ನೆನಪಿದ್ದರೂ, ಮೇಸ್ತ್ರಿ ಸುಳ್ಳು ಹೇಳಲಾರರು, ನನ್ನ ಕೈಯೇ ಏನೋ ತಪ್ಪು ಮಾಡಿರಬೇಕು ಎಂದು ನಂಬಿ ಕ್ಷಮೆ ಕೇಳಿದ್ದ. ಅಂದಿನಿಂದ ಮುಗಿದ ಕೆಲಸವನ್ನೂ ಮೂರು ಸಲ ಮುಟ್ಟಿ ನೋಡುವುದು ಅವನಿಗೆ ಚಾಳಿಯಾಗಿಬಿಟ್ಟಿತ್ತು.

"ಮೇಸ್ತ್ರಿ ನನ್ನ ಹೊಡುದ್ರಲ್ಲ, ಆವತ್ತು ನೀನು ಎಲ್ಲಿದ್ದೆ?"

ಲಕ್ಕಣ್ಣ ಮೊರದ ಬೀಜಗಳನ್ನು ಒಂದು ಕಡೆಗೆ ಸರಿಸಿದ.

"ಅಪ್ಪ, ಎಲ್ಲಿದ್ದೆ?"

"ಶೆಡ್ಡಲ್ಲಿದ್ದೆ," ಎಂದ ಕೊನೆಗೆ. "ಇನ್ನೊಂದ್ ಕಾರ್ ಕೆಲ್ಸಿತ್ತು."

"ಕೇಳುಸ್ತಾ?"

"ಕೇಳುಸ್ತು."

"ಪೈಪು ಸಿಕ್ಸಿದ್ದು ಯಾರು?"

"ನಾನೇ. ಕೈ ನಡುಗ್ತಿತ್ತು. ಸರ್ಯಾಗಿ ಕೂರಿಸಿರ್ನಿಲ್ಲ."

ಹೊಡೆದ ಸದ್ದು ಕೇಳಿಯೂ ಶೆಡ್ಡಿನ ಬಾಗಿಲು ತೆರೆಯಲಿಲ್ಲ. ನಡುವೆ ಇದ್ದದ್ದು ಒಂದು ತಗಡಿನ ಬಾಗಿಲು, ಚಿಲಕವೂ ಇಲ್ಲದ್ದು. ರವೀಶನಿಗೆ ಅಳುವೂ ಬರಲಿಲ್ಲ, ಬೈಗುಳವೂ ಬರಲಿಲ್ಲ. ಎದ್ದು ಬೈಕ್ ಹತ್ತಿದ.

ಚನ್ನರಾಯಪಟ್ಟಣದ ಮನೆಯಲ್ಲಿ ದೇವಯ್ಯ ನಿನ್ನೆಯ ಕುರ್ಚಿಯಲ್ಲೇ ಇದ್ದ. ರವೀಶ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತದ್ದನ್ನು ನೋಡಿ ಅವನಿಗೆ ಎಲ್ಲ ತಿಳಿಯಿತು.

"ಬಿಚ್ಬ್ಯಾಡ ಅಂದಿದ್ನಲ್ಲಾ."

"ಕೆಲ್ಸ ನಮ್ಮಪ್ಪಂದು, ಹೆಸ್ರು ನಿಮ್ದು, ಕಪಾಳ ನಂದು. ಅಲ್ವಾ ಮೇಸ್ತ್ರಿ?"

"ನೋಡು, ನಿಮ್ಮಪ್ಪ ಆಗ ಬೆಳಿಗ್ಗೇನೇ ಕುಡೀತಿದ್ದ. ನಾನು ಕರೀದೆ ಇದ್ದಿದ್ರೆ ಚರಂಡೀಲಿ ಬಿದ್ದಿರ್ತಿದ್ದ. ಅವ್ನಿಗೂ ಅನ್ನ ಆಯ್ತು, ನಿಂಗೂ ವಿದ್ಯೆ ಆಯ್ತು. ಇದ್ರಲ್ಲಿ ಮೋಸ ಏನದೆ?"

"ನನ್ನ ಯಾಕೆ ಹೊಡುದ್ರಿ?"

"ಇನ್ಯಾರ್ಗೆ ಒಡೀಲಿ?" ದೇವಯ್ಯ ನಿಜವಾಗಿಯೂ ಅರ್ಥವಾಗದವನಂತೆ ಕೇಳಿದ. "ನಿಮ್ಮಪ್ಪನ್ನ ಈಚೆ ಕರ್ದು ಒಡೆಯಕ್ಕಾಯ್ತಿತ್ತಾ? ಗಿರಾಕಿ ಮುಂದೆ ನಿಂತವ್ನೆ. ನೀನು ಕೈಗೆ ಸಿಕ್ದೆ."

ಮೇಜಿನ ಮೇಲೆ ತಾನು ತಂದ ಮೂಸಂಬಿ ಇನ್ನೂ ಚೀಲದಲ್ಲೇ ಇತ್ತು. ಈ ಮನುಷ್ಯನ ಕಾಲನ್ನು ನಿನ್ನೆ ಮುಟ್ಟಿದ್ದೆ ಎಂದು ನೆನೆದು ರವೀಶನಿಗೆ ಮೈ ಹೇಸಿತು. ಬಾಗಿಲಿನಿಂದಲೇ ಹಿಂದಿರುಗಿದ.

ಮುಂದಿನ ಮೂರು ದಿನ ಅವನು ಬೇರೆ ಯಾವ ಕಾರನ್ನೂ ಮುಟ್ಟಲಿಲ್ಲ. ಆನ್‌ಲೈನಿನಲ್ಲಿ ತರಿಸಿ ಮೂಲೆಗಿಟ್ಟಿದ್ದ, ಗಾಳಿ ಹೀರುವ ಕೈಪಂಪನ್ನು ತೆಗೆದ. ಪಿಸ್ತೂಲಿನ ಹಾಗೆ ಹಿಡಿ, ಮೇಲೊಂದು ಮುಳ್ಳಿರುವ ಅಳತೆಯ ಡಯಲ್. ಒಂದೊಂದೇ ಪೈಪಿಗೆ ಸಿಕ್ಕಿಸಿ ಹಿಡಿ ಒತ್ತಿದ. ಮುಳ್ಳು ಏರಿ ನಿಂತರೆ ಪೈಪು ಗಟ್ಟಿ, ನಿಧಾನವಾಗಿ ಇಳಿದರೆ ಸೋರಿಕೆ. ಚೀಟಿಗಳನ್ನು ತಾನೇ ಕಿತ್ತಿದ್ದರಿಂದ ಯಾವ ಪೈಪು ಯಾವ ಬಾಗಿಲಿನದು ಎಂಬುದು ತಿಳಿಯದೆ, ಪಂಪು ಒತ್ತುತ್ತ ಒಳಗೆ ಎಲ್ಲಿ 'ಟಕ್' ಎನ್ನುತ್ತದೋ ಅಲ್ಲಿಗೆ ಕಿವಿ ಇಡಬೇಕಾಯಿತು. ಅಪ್ಪನನ್ನು ಕೇಳಿದ್ದರೆ ಅರ್ಧ ಗಂಟೆಯ ಕೆಲಸ. ಕೇಳಲು ಮನಸ್ಸು ಬರಲಿಲ್ಲ.

ಎರಡನೆಯ ದಿನ ಲಕ್ಕಣ್ಣನೇ ಗ್ಯಾರೇಜಿನ ಬಾಗಿಲಿಗೆ ಬಂದ. ಮಗ ಬೆನ್ನು ತಿರುಗಿಸಿ ಕೆಲಸ ಮಾಡುತ್ತಿದ್ದ.

"ಮೊದ್ಲು ಇಂಜಿನ್ ಕಡೆ ಪೈಪು ಮುಚ್ಚಿ ನೋಡು ಮಗ. ಅದು ಗಟ್ಟಿ ಇದ್ರೆ ಮಿಕ್ಕಿದ್ದು ಸುಲಭ."

ರವೀಶ ತಿರುಗಿ ನೋಡಲಿಲ್ಲ. ಲಕ್ಕಣ್ಣ ಸ್ವಲ್ಪ ಹೊತ್ತು ಟೈರಿನ ಮೇಲೆ ಕೂತಿದ್ದು, ಎದ್ದು ಹೋದ. ಅವನು ರಸ್ತೆ ದಾಟಿದ ಮೇಲೆ ರವೀಶ ಇಂಜಿನ್ ಹಚ್ಚಿ, ಇಂಜಿನ್ ಕಡೆಯಿಂದ ಡ್ಯಾಶ್‌ಬೋರ್ಡಿನ ಡಬ್ಬಿಗಳಿಗೆ ಬರುವ ಪೈಪನ್ನು ಬೆರಳು ಒತ್ತಿ ಮುಚ್ಚಿದ. ಕೀ ತಿರುಗಿಸಿದಾಗ ಇಂಜಿನ್ ನಿಂತಿತು. ಅಂದರೆ ದೋಷ ಡ್ಯಾಶ್‌ಬೋರ್ಡಿನೊಳಗೇ ಇತ್ತು. ಆ ಮಾತು ನಿಜವಾದದ್ದಕ್ಕೆ ಅವನಿಗೆ ಇನ್ನಷ್ಟು ಸಿಟ್ಟು ಬಂತು.

ಸಂಜೆಗೆ ದೋಷ ಸಿಕ್ಕಿತು. ಕಾಲಿನ ಕಡೆ ಗಾಳಿ ಬಿಡುವ ಡಬ್ಬಿಯ ಪೊರೆ ಅಂಚಿನಲ್ಲಿ ಉಗುರಿನಷ್ಟು ಹರಿದಿತ್ತು. ಅಷ್ಟು ಸಣ್ಣ ತೂತಿನಿಂದ ಇಡೀ ಕಾರಿನ ಬಲ ಸೋರಿಹೋಗುತ್ತಿತ್ತು. ಬೆಂಗಳೂರಿನ ಹಳೇ ಪಾರ್ಟ್ಸ್ ಅಂಗಡಿಯಿಂದ ಅಂಥದೇ ಡಬ್ಬಿಯನ್ನು ಬಸ್ಸಿನಲ್ಲಿ ತರಿಸಿ ಕೂರಿಸಿದ, ಗಡುಸಾಗಿದ್ದ ವಾಲ್ ಟ್ಯೂಬುಗಳನ್ನೆಲ್ಲ ಬದಲಿಸಿದ. ಇಂಜಿನ್ ಹಚ್ಚಿ ಗುಂಡಿ ತಿರುಗಿಸಿದರೆ ತಣ್ಣನೆಯ ಗಾಳಿ ಮುಖಕ್ಕೆ ಬಂತು, ಕಾಲಿಗೆ ಬಂತು. ಕೀ ತಿರುಗಿಸಿದ ತಕ್ಷಣ ಇಂಜಿನ್ ನಿಂತಿತು. ಇಷ್ಟೇನಾ, ಇಷ್ಟಕ್ಕಾಗಿಯೇ ಇಷ್ಟೆಲ್ಲವಾ ಎನಿಸಿತು.

ತಿಮ್ಮಪ್ಪನವರು ಬಂದು ಕಾರಿನಲ್ಲಿ ಕೂತು ಗಾಳಿಗೆ ಮುಖವೊಡ್ಡಿ ಕಣ್ಣು ಮುಚ್ಚಿದರು.

"ಬೇಷ್! ನೀನೇ ಮಾಡ್ದಾ, ನಿಮ್ಮಪ್ಪ ಮಾಡುದ್ರಾ?"

ರವೀಶ ಅಲುಗದೆ ನಿಂತ. "ನಮ್ಮಪ್ಪನ್ ವಿಷ್ಯ ನಿಮಗೆಂಗ್ ಗೊತ್ತು?"

"ಅಯ್ಯೋ, ಆ ಮದ್ವೆ ಗಲಾಟೆ ಆಯ್ತಲ್ಲ, ಮೂರ್ನೇ ದಿನ ಲಕ್ಕಣ್ಣ ನಮ್ಮನೇಗೇ ಬಂದಿದ್ರು, ಬಸ್ಸಲ್ಲಿ. ಕುಡಿದಿರ್ಲಿಲ್ಲ. ಸಾ, ತಪ್ಪು ನಂದು, ಹುಡ್ಗುಂದಲ್ಲ, ಅವನ್ ಮೇಲೆ ಮನಸ್ನಲ್ಲಿ ಏನೂ ಇಟ್ಕಬ್ಯಾಡಿ ಅಂತ ಜಗ್ಲಿ ಮೇಲೆ ಕೂತು ಅತ್ಬುಟ್ರು. ಅಲ್ಲೇ ಪೈಪು ಸರಿ ಮಾಡಿ, ಊಟಾನೂ ಮಾಡ್ದೆ ಹೋದ್ರು. ಯಾರ್ಗೂ ಹೇಳ್ಬ್ಯಾಡಿ ಅಂದ್ರು, ನಾನೂ ಹೇಳ್ಲಿಲ್ಲ. ನಿಂಗೆ ಹೇಳೇ ಇರ್ತಾರೆ ಅಂದ್ಕಂಡಿದ್ದೆ."

"ಇಲ್ಲ ಯಜಮಾನ್ರೇ," ಎಂದ ರವೀಶ. "ನಂಗ್ ಯೋಳ್ಲಿಲ್ಲ."

ಕಾರು ಹೊರಟುಹೋದ ಮೇಲೆ ಅವನು ಗ್ಯಾರೇಜಿನ ಮುಂದೆ ನಿಂತೇ ಇದ್ದ. ಅಪ್ಪ ಬಸ್ಸು ಹತ್ತಿ ಹೊಳೆನರಸೀಪುರದವರೆಗೆ ಹೋಗಿದ್ದ. ಗುರುತು ಪರಿಚಯವಿಲ್ಲದವರ ಜಗಲಿಯಲ್ಲಿ ಕೂತು ಅತ್ತಿದ್ದ. ಅದೇ ಸಂಜೆ ಮನೆಗೆ ಬಂದು, ಗೋಡೆಗೆ ಮುಖ ಮಾಡಿ ಮಲಗಿದ್ದ ಮಗನನ್ನು ದಾಟಿಕೊಂಡು ಒಳಗೆ ಹೋಗಿದ್ದ. ಇದನ್ನು ಪ್ರೀತಿ ಎಂದುಕೊಳ್ಳಬೇಕೋ ಹೇಡಿತನ ಎಂದುಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ. ತಿಳಿಯದೆ ಇದ್ದದ್ದೇ ಮೊದಲಿಗಿಂತ ಹೆಚ್ಚು ನೋಯಿಸಿತು. ಅಪ್ಪ ಕೆಟ್ಟವನೇ ಆಗಿದ್ದರೆ ಸಲೀಸಾಗಿರುತ್ತಿತ್ತು.

ಮನೆಯಲ್ಲಿ ಹೆಂಡತಿ ಮಾನಸಾ ಮುದ್ದೆ ಬಡಿಸಿದಳು. ಎದುರು ಗೋಡೆಗೊರಗಿ ಕೂತ ಲಕ್ಕಣ್ಣ ತಟ್ಟೆಯನ್ನೇ ನೋಡುತ್ತ ಕೇಳಿದ:

"ಯಾವ್ ಪೊರೆ ಅರ್ದಿತ್ತು?"

ರವೀಶ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದ. ಇನ್ನೊಂದು ತುತ್ತು ನುಂಗಿದ. ಮಾನಸಾ ಸಾರಿನ ಸೌಟು ಹಿಡಿದು ಇಬ್ಬರ ಮುಖವನ್ನೂ ನೋಡುತ್ತಿದ್ದಳು.

"ಕಾಲಿನ್ ಕಡೇದು," ಎಂದ ರವೀಶ.

"ಊಂ. ಅದೇ ಇರ್ಬೇಕು ಅಂದ್ಕಂಡೆ."

ದೇವಯ್ಯನ ಮೊಮ್ಮಗಳ ಮದುವೆಯ ಕರೆಯೋಲೆ ಜೂನಿನಲ್ಲಿ ಬಂತು. ರವೀಶ ಹೋಗಲಿಲ್ಲ, ಮನೆಯಿಂದ ಯಾರನ್ನೂ ಕಳಿಸಲೂ ಇಲ್ಲ. ಅಪ್ಪನ ಜೊತೆ ಈಗ ಮೊದಲಿಗಿಂತ ನಾಲ್ಕು ಮಾತು ಹೆಚ್ಚಾಡುತ್ತಾನೆ. ಎಲ್ಲವೂ ಪೈಪು, ಪೊರೆ, ಪಂಪಿನ ಮಾತು. ಹಳೆಯ ಕಾರು ಬಂದರೆ ವಾಪಸ್ ಕಳಿಸುವುದಿಲ್ಲ. ಲಕ್ಕಣ್ಣ ಒಮ್ಮೊಮ್ಮೆ ಗ್ಯಾರೇಜಿಗೆ ಬಂದು ಕೂರುತ್ತಾನೆ. ಕೂರು ಎಂದು ರವೀಶ ಹೇಳುವುದಿಲ್ಲ, ಹೋಗು ಎಂದೂ ಹೇಳುವುದಿಲ್ಲ. ಮುನಿಸು ಬಿಡು ಎಂದು ಬೆಳ್ಳಮ್ಮ ಎರಡು ಸಲ ಕೇಳಿ ನೋಡಿದಳು. "ಮುನಿಸಲ್ಲ ಕಣವ್ವ," ಎಂದ ಅವನು. ಮತ್ತೇನು ಎಂದು ಅವಳು ಕೇಳಿದಳು. ಅವನು ಗ್ಯಾರೇಜಿನ ಕೀ ತೆಗೆದುಕೊಂಡು ಎದ್ದ.